ಸೇತುವೆ ದಾಟುವ ಕೀಲಿಕೈಗಳು

ಸೆರಗಿನ ಗಂಟು ಬಿಚ್ಚಿದ್ದು ಒಂದು ರೂಪಾಯಿಯ ನಾಣ್ಯಕ್ಕಾಗಿ. ಬೆಂಗಳೂರಿನ ಬಸ್ಸು ದಢೇಸುಗೂರಿನ ಸೇತುವೆ ಹತ್ತುತ್ತಿದ್ದಂತೆ ಕಿಟಕಿ ಪಕ್ಕದವರೆಲ್ಲ ತುಂಗಭದ್ರೆಗೆ ಕೈಮುಗಿಯತೊಡಗಿದ್ದರು. ನನ್ನ ಪಕ್ಕ ಕೂತಿದ್ದ ಮಸ್ಕಿ ಕಡೆಯ ಅಕ್ಕ ಹೊಳೆಗೆ ಹಾಕಲು ನಾಣ್ಯ ತೆಗೆದರು. ನಾಣ್ಯದ ಜೊತೆ ಒಂದು ಕೀಲಿಕೈಯೂ ಹೊರಬಂತು. ಹಿತ್ತಾಳೆಯದು, ಹಿಡಿದೂ ಹಿಡಿದೂ ಅಂಚು ಸವೆದದ್ದು. ನಾಣ್ಯ ಹೊಳೆಗೆ ಹೋಯಿತು. ಕೀಲಿಕೈಯನ್ನು ಅವರು ಒಮ್ಮೆ ಕಣ್ಣಿಗೊತ್ತಿಕೊಂಡು ಮತ್ತೆ ಗಂಟು ಬಿಗಿದರು.

“ಮನ್ಯಾಗ ಯಾರೂ ಇಲ್ಲೇನ್ರಿ ಅಕ್ಕಾರ?” ಎಂದೆ.

“ಯಾರದಾರ ತಮ್ಮಾ? ನಮ್ಮತ್ತಿ ಇದ್ದಳು, ಹೋದ ವರ್ಷ ತೀರಿಕೊಂಡಳು. ಈಗ ಮನಿ ಐತಿ, ಮಂದಿ ಇಲ್ಲ. ಕೀಲಿ ಹಾಕೀವಿ.”

“ಬೆಂಗಳೂರಾಗ ಎಲ್ಲಿ ಇರ್ತೀರಿ?”

“ಕಟ್ಟೋ ಬಿಲ್ಡಿಂಗಿನ ಬಾಜೂಕ, ತಗಡಿನ ಶೆಡ್ಡಿನ್ಯಾಗ.”

ಇಲ್ಲಿಯವರೆಗೂ ಇದು ನಮ್ಮ ಸೀಮೆಯಲ್ಲಿ ಯಾರ ಬಾಯಲ್ಲಾದರೂ ಕೇಳಿಬರುವ ಮಾತೇ. ಆದರೆ ಅವರು ಕಿಟಕಿಯಾಚೆ ನೋಡುತ್ತ ಇನ್ನೊಂದು ಮಾತು ಸೇರಿಸಿದರು. “ಒಂದೊಂದು ಬಿಲ್ಡಿಂಗಿನ್ಯಾಗ ನಮ್ಮೂರಿಗಿಂತ ಹೆಚ್ಚು ಮನಿ ಇರ್ತಾವ ತಮ್ಮಾ. ಮುಗಿಸಿ ಕೊಟ್ಟ ಮ್ಯಾಲೂ ರಾತ್ರಿ ನೋಡಿದರ ಅರ್ಧಕ್ಕ ದೀಪಾನ ಇರಂಗಿಲ್ಲ. ಅವೂ ಕೀಲಿ ಹಾಕಿದ್ದ ಮನಿ.”

ನನಗೆ ಮೈಯೆಲ್ಲ ಝುಮ್ಮೆಂದಿತು. ಈ ಬಸ್ಸಿನ ದಾರಿಯ ಒಂದು ತುದಿಯಲ್ಲಿ ಬೀಗ ಬಿದ್ದ ಮನೆ, ಇನ್ನೊಂದು ತುದಿಯಲ್ಲಿ ಬೀಗ ಬಿದ್ದ ಮನೆ, ಎರಡನ್ನೂ ತಮ್ಮ ಕೈಯಿಂದಲೇ ಕಟ್ಟಿದ ಜೀವ ಮಲಗುವುದು ಎರಡರ ನಡುವೆ ಎಲ್ಲೋ ಒಂದು ತಗಡಿನ ಕೆಳಗೆ! ಇಷ್ಟು ವರ್ಷ ಗುಳೆಯ ಸುದ್ದಿಯನ್ನು ಒಂದು ಪುಟದಲ್ಲಿ ಓದಿದ್ದೆ, ನಗರಗಳ ವಸತಿ ಕೊರತೆಯ ಸುದ್ದಿಯನ್ನು ಇನ್ನೊಂದು ಪುಟದಲ್ಲಿ ಓದಿದ್ದೆ. ಎರಡೂ ಒಂದೇ ಸುದ್ದಿಯೆಂದು ಹೇಳಲು ಒಂದು ಕೀಲಿಕೈ ಬೇಕಾಯಿತು.

ಸಿರುಗುಪ್ಪದಲ್ಲಿ ಇಳಿದೆ. ಬಸ್ಸು ಬಳ್ಳಾರಿ ಕಡೆ ಹೋಯಿತು. ಆ ಮಾತು ನನ್ನ ಜೊತೆಗೇ ಉಳಿಯಿತು.

ಮನೆಗೆ ಬಂದವನೇ ಜನಗಣತಿಯ ಅಂಕಿಗಳನ್ನು ತೆಗೆದು ಕೂತೆ. ಓದುತ್ತ ಹೋದಂತೆ ಕೂತಲ್ಲಿ ಕೂಡಲಾಗಲಿಲ್ಲ. 2011ರ ಜನಗಣತಿಯ ಪ್ರಕಾರ ಭಾರತದ ಪಟ್ಟಣ, ನಗರಗಳಲ್ಲಿ ಖಾಲಿ ಬಿದ್ದಿದ್ದ ಮನೆಗಳು ಸುಮಾರು 1 ಕೋಟಿ 11 ಲಕ್ಷ. ಕಟ್ಟಿ ನಿಲ್ಲಿಸಿದ ಪ್ರತಿ ಹತ್ತರಲ್ಲಿ ಒಂದು! ಅದರ ಮರುವರ್ಷ, 2012ರಲ್ಲಿ, ಅಮಿತಾಭ್ ಕುಂಡು ಅವರ ಅಧ್ಯಕ್ಷತೆಯ ತಜ್ಞರ ತಂಡ ಕೇಂದ್ರ ಸರ್ಕಾರಕ್ಕೆ ಕೊಟ್ಟ ಲೆಕ್ಕದಲ್ಲಿ ಅದೇ ನಗರಗಳಿಗೆ ಬೇಕಾಗಿದ್ದ ಮನೆಗಳು 1 ಕೋಟಿ 87 ಲಕ್ಷ 80 ಸಾವಿರ. ಕೋಟಿಗಟ್ಟಲೆ ಮನೆ ಖಾಲಿ, ಕೋಟಿಗಟ್ಟಲೆ ಮನೆ ಕಡಿಮೆ. ಒಂದೇ ದೇಶ, ಹೆಚ್ಚುಕಡಿಮೆ ಒಂದೇ ಹೊತ್ತು.

ಆ ಕೊರತೆಯ ಒಳಗೆ ಇಣುಕಿದರೆ ಇನ್ನೂ ದೊಡ್ಡ ಅಚ್ಚರಿ ಕಾದಿತ್ತು. ಕೊರತೆ ಎಂದರೆ ಬೀದಿಯಲ್ಲಿ ಮಲಗುವವರ ಲೆಕ್ಕ ಎಂದೇ ನಾನು ತಿಳಿದಿದ್ದೆ. ಮನೆಯೇ ಇಲ್ಲದ ಕುಟುಂಬಗಳ ಪಾಲು ಅದರಲ್ಲಿ ಬರೀ 5 ಲಕ್ಷ 30 ಸಾವಿರ. ಸುಮಾರು ಒಂದೂವರೆ ಕೋಟಿ, ಅಂದರೆ ಐದರಲ್ಲಿ ನಾಲ್ಕು ಪಾಲು, ಇಕ್ಕಟ್ಟು! ಮದುವೆಯಾದ ಜೋಡಿಗೊಂದು ಬೇರೆ ಕೋಣೆಯಿಲ್ಲ. ಅತ್ತೆ, ಮಾವ, ಮೈದುನ, ಬೆಳೆದ ಮಕ್ಕಳು ಎಲ್ಲರೂ ಒಂದೇ ಕೋಣೆಯಲ್ಲಿ. ಕೊರತೆ ಅನುಭವಿಸುವ ನೂರು ಕುಟುಂಬಗಳಲ್ಲಿ 96 ಬಡವರವು ಅಥವಾ ಕಡಿಮೆ ವರಮಾನದವರವು. ಅಂದರೆ ನಗರದ ಈ ಕೊರತೆ ನಾವು ಹುಡುಕುವ ಜಾಗದಲ್ಲಿ ಸಿಗುವುದೇ ಇಲ್ಲ. ಅದು ಬಾಗಿಲ ಹಿಂದೆ, ಒಂದೇ ಚಾಪೆಯ ಮೇಲೆ ಆರು ಜನರಾಗಿ ಮಲಗಿದೆ.

ಇನ್ನೊಂದು ಅಂಕಿ ನನ್ನನ್ನು ನೇರವಾಗಿ ಆ ಅಕ್ಕನ ಮನೆಗೆ ಒಯ್ದಿತು. ದೇಶದಲ್ಲಿ ಒಟ್ಟು ಖಾಲಿ ಮನೆಗಳು 2 ಕೋಟಿ 46 ಲಕ್ಷಕ್ಕೂ ಹೆಚ್ಚು. ನಗರದ್ದನ್ನು ಕಳೆಯಿರಿ. ಉಳಿಯುವುದು 1 ಕೋಟಿ 35 ಲಕ್ಷಕ್ಕೂ ಮೇಲೆ, ಎಲ್ಲವೂ ಹಳ್ಳಿಗಳವು! ಖಾಲಿ ಮನೆ ಎಂದೊಡನೆ ಕಣ್ಣ ಮುಂದೆ ಬರುವುದು ಗಾಜು ಹೊದ್ದ ಅಪಾರ್ಟ್‌ಮೆಂಟು. ನಿಜವಾಗಿ ಹೆಚ್ಚು ಖಾಲಿ ಮನೆಗಳಿರುವುದು ಬೇವಿನ ಗಿಡದ ನೆರಳಲ್ಲಿ.

ಮರುದಿನ ಸೇತುವೆಯನ್ನು ಮತ್ತೆ ದಾಟಿ ಉತ್ತರಕ್ಕೆ ಹೊರಟೆ.

ದಢೇಸುಗೂರು ನಿಂತಿರುವ ಜಾಗದ ಮಹಿಮೆ ನೋಡಿ. ಜೇವರ್ಗಿಯಿಂದ ಚಾಮರಾಜನಗರದವರೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 150ಎ ಲಿಂಗಸುಗೂರು, ಮಸ್ಕಿ, ಸಿಂಧನೂರುಗಳನ್ನು ಒಂದೇ ದಾರದಲ್ಲಿ ಪೋಣಿಸಿಕೊಂಡು ಬಂದು ಇಲ್ಲಿ ಹೊಳೆ ದಾಟುತ್ತದೆ. ಈಚೆ ರಾಯಚೂರು ಜಿಲ್ಲೆ, ಆಚೆ ಬಳ್ಳಾರಿ. ಈ ದಾರಿಯಲ್ಲಿ ಬೆಂಗಳೂರಿನ ಬಸ್ಸು ಹಿಡಿದವರು ತಮ್ಮ ಜಿಲ್ಲೆಗೆ ಬೆನ್ನು ಹಾಕುವ ಹೊಸ್ತಿಲು ಇದೇ. ಸುತ್ತ ಎಲ್ಲಿ ನೋಡಿದರೂ ಭತ್ತ. ಊರಲ್ಲಿ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವಿದೆ. ಅದರ ಗದ್ದೆಗಳಲ್ಲೂ ಭತ್ತವೇ ಪಾಠ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು 227 ಕಿಲೋಮೀಟರ್ ಉದ್ದದ ಎಡದಂಡೆ ಕಾಲುವೆಯಲ್ಲಿ ನೀರು ಹರಿದ ಮೇಲೆ ಈ ನೆಲಕ್ಕೆ ಹೊಸ ಹಣೆಬರಹ ಬಂತು. ನಾಟಿ, ಕಳೆ, ಕೊಯ್ಲಿಗೆ ಕೈಗಳು ಹೊರಗಿನಿಂದ ಇಲ್ಲಿಗೇ ಬರುತ್ತವೆ. ಬಸ್ಸು ಸಿಂಧನೂರು ದಾಟಿ ಮಸ್ಕಿಯತ್ತ ಸಾಗಿ, ಕಾಲುವೆಯ ನೀರು ತಲುಪದ ಹೊಲಗಳು ಶುರುವಾಗುತ್ತಲೇ ಹಸಿರು ಸರಕ್ಕನೆ ಕಂದಾಗುತ್ತದೆ. ಮಳೆ ನಂಬಿದ ತೊಗರಿ, ಸಜ್ಜೆ, ಹತ್ತಿಯ ಹೊಲಗಳು. ಇಲ್ಲಿಂದ ಕೈಗಳು ಹೊರಗೆ ಹೋಗುತ್ತವೆ. ಬೀಗಗಳು ಶುರುವಾಗುವುದೂ ಇಲ್ಲಿಂದಲೇ.

ಕಾಲುವೆಯ ನಕ್ಷೆಯ ಮೇಲೆ ಬೀಗ ಹಾಕಿದ ಮನೆಗಳ ನಕ್ಷೆಯನ್ನು ಇಟ್ಟು ನೋಡಬೇಕೆಂಬ ಆಸೆ ನನಗೆ ಹುಟ್ಟಿದ್ದು ಆ ಬಸ್ಸಿನಲ್ಲೇ. ಯಾರಾದರೂ ಇಟ್ಟು ನೋಡಲಿ. ನೀರಿನ ಗೆರೆಯೇ ಬೀಗದ ಗೆರೆಯಾಗಿ ಕಾಣುತ್ತದೆಂದು ನನ್ನ ಮನಸ್ಸು ಹೇಳುತ್ತದೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಈ ಸೀಮೆಯಲ್ಲಿ ಯಾರಿಗೂ ನಿದ್ದೆ ಹತ್ತಲಿಲ್ಲ. ನೀರಿನ ಜೊತೆ ಹರಿದುಹೋಗುವುದು ಬೆಳೆಯಷ್ಟೇ ಎಂದು ಹೊರಗಿನವರಿಗೆ ಅನಿಸೀತು. ಇಲ್ಲಿಯವರಿಗೆ ಮನೆಯ ಬಾಗಿಲೂ ಕಣ್ಣ ಮುಂದೆ ಬರುತ್ತದೆ.

ಮಸ್ಕಿ ತಾಲೂಕಿನ ಒಂದು ಹಳ್ಳಿಯಲ್ಲಿ ಇಳಿದೆ. ಓಣಿಯ ಎರಡೂ ಬದಿಗೆ ಮಾಳಿಗೆ ಮನೆಗಳು, ಮುಂದೆ ಕಟ್ಟೆ. ಮೊದಲ ಬಾಗಿಲಿಗೆ ಬೀಗ, ಎರಡನೆಯದಕ್ಕೆ ಬೀಗ, ಮೂರನೆಯದರ ಕಟ್ಟೆಯ ಮೇಲೆ ಒಬ್ಬ ಅಜ್ಜ, ನಾಲ್ಕನೆಯದಕ್ಕೆ ಮತ್ತೆ ಬೀಗ. ಅಜ್ಜನ ಉಡಿದಾರಕ್ಕೆ ಕೀಲಿಕೈಗಳ ಗೊಂಚಲೇ ಜೋತುಬಿದ್ದಿತ್ತು! ಆಚೀಚೆ ಮನೆಯವರು ಹೋಗುವಾಗ ಕೊಟ್ಟುಹೋದವು. ಯಾವುದು ಯಾರದೆಂದು ಕಣ್ಣು ಮುಚ್ಚಿಕೊಂಡೇ ಬೆರಳಲ್ಲಿ ಸವರಿ ಹೇಳಿದರು.

“ಮ್ಯಾಲ ಮುದ್ದಿ ನೋಡಬೇಕಲ್ಲಪಾ. ಮಳಿಗಾಲಕ್ಕಿಂತ ಮೊದಲ ಮಣ್ಣು ಹಾಕದಿದ್ದರ ಮನಿ ಕೂಡತೈತಿ,” ಎಂದರು.

ಮಣ್ಣಿನ ಚಾವಣಿಯ ಈ ಗುಟ್ಟು ನಗರದಲ್ಲಿ ಎಷ್ಟು ಜನರಿಗೆ ಗೊತ್ತು? ತೊಲೆ, ಜಂತಿಗಳ ಮೇಲೆ ಕಟ್ಟಿಗೆ, ಸೊಪ್ಪು ಹಾಸಿ, ಅದರ ಮೇಲೆ ಮಣ್ಣು ಮೆತ್ತಿ, ಎಲ್ಲದರ ಮೇಲೆ ಚೌಳು ಮಣ್ಣು. ಚೌಳು ನೀರು ಕುಡಿದು ಬಿಗಿಯುತ್ತದೆ, ಸೋರಲು ಬಿಡುವುದಿಲ್ಲ. ಆದರೆ ಪ್ರತಿ ಮಳೆಗಾಲ ಅದರ ಒಂದು ಪದರ ಕೊಚ್ಚಿಹೋಗುತ್ತದೆ. ಹಾಗಾಗಿ ವರ್ಷಕ್ಕೊಮ್ಮೆ ಯಾರಾದರೂ ಏಣಿ ಹತ್ತಲೇಬೇಕು. ಆರ್‌ಸಿಸಿ ಸ್ಲ್ಯಾಬಿನ ಫ್ಲ್ಯಾಟು ಹತ್ತು ವರ್ಷ ಖಾಲಿ ಬಿದ್ದಿದ್ದರೂ ಅದರ ಬೆಲೆ ಏರುತ್ತಲೇ ಇರುತ್ತದೆ. ಮಾಳಿಗೆ ಮನೆ ಎರಡು ಮಳೆಗಾಲ ಒಂಟಿಯಾದರೆ ಕುಸಿದು ಕೂರುತ್ತದೆ. ಒಂದು ಮನೆ ಮನುಷ್ಯರಿಲ್ಲದೆ ಬೆಳೆಯುತ್ತದೆ, ಇನ್ನೊಂದು ಮನುಷ್ಯರಿಲ್ಲದೆ ಸಾಯುತ್ತದೆ! ಎರಡನ್ನೂ ಜನಗಣತಿಯ ಪುಸ್ತಕ ‘ಖಾಲಿ’ ಎಂಬ ಒಂದೇ ಮಾತಿನಲ್ಲಿ ಬರೆದುಕೊಳ್ಳಬಲ್ಲದು.

ಗಣತಿಯವರ ಪಾಡನ್ನೂ ನೆನೆಯಬೇಕು. ಬೀಗ ಹಾಕಿದ ಪ್ರತಿ ಮನೆಯೂ ಅವರ ಲೆಕ್ಕದಲ್ಲಿ ಖಾಲಿಯಾಗುವುದಿಲ್ಲ. ವಾಸವಿದ್ದು ತಾತ್ಕಾಲಿಕವಾಗಿ ಬೀಗ ಹಾಕಿದ ಮನೆಯೇ ಬೇರೆ, ಯಾರೂ ಬಳಸದ ಮನೆಯೇ ಬೇರೆ. ಈ ಭೇದವನ್ನು ತಿಳಿಸಬೇಕಾದವರು ನೆರೆಹೊರೆಯವರು. ಓಣಿಗೆ ಓಣಿಯೇ ಗುಳೆ ಹೋಗಿದ್ದರೆ ಯಾರನ್ನು ಕೇಳುವುದು? ಒಂದು ಬಾಗಿಲು ಯಾವ ಕಲಮಿಗೆ ಸೇರಬೇಕೆಂದು ತೀರ್ಮಾನವಾಗುವುದು ಕಟ್ಟೆಯ ಮೇಲೆ ಉಳಿದ ಇಂಥ ಒಬ್ಬ ಅಜ್ಜನ ಮಾತಿನಿಂದ.

ಮಸ್ಕಿಯ ಬೆಟ್ಟ ದೂರದಿಂದಲೇ ಕಾಣುತ್ತದೆ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಅಲ್ಲಿನ ಬಂಡೆಯ ಮೇಲೆ ಕಂಡ ಶಾಸನದಲ್ಲಿ ಅಶೋಕನ ಹೆಸರೇ ಇತ್ತು. ಬೇರೆ ಶಾಸನಗಳ ದೇವಾನಾಂಪ್ರಿಯನೆಂದರೆ ಅಶೋಕನೇ ಎಂದು ಜಗತ್ತಿಗೆ ಖಾತ್ರಿಯಾದದ್ದು ನಮ್ಮ ಈ ಊರಿನಿಂದ. ಆದರೆ ಈ ಸಲ ನನ್ನ ಮೈ ನವಿರೇಳಿಸಿದ್ದು ಶಾಸನಕ್ಕಿಂತ ಹೆಚ್ಚಾಗಿ ಅದರ ಸುತ್ತಲಿನ ಮಣ್ಣು. 1954ರಲ್ಲಿ ಪುರಾತತ್ವಜ್ಞ ಬಿ. ಕೆ. ಥಾಪರ್ ಇಲ್ಲಿ ಅಗೆದಾಗ ಒಂದರ ಮೇಲೊಂದು ನಾಲ್ಕು ಕಾಲದ ವಸತಿ ಸಿಕ್ಕಿತು: ನವಶಿಲಾಯುಗದವರು, ಬೃಹತ್ ಶಿಲಾಸಮಾಧಿಗಳ ಕಾಲದವರು, ಅಶೋಕನ ಆಚೀಚಿನವರು, ಮಧ್ಯಯುಗದವರು. ಸಾವಿರಾರು ವರ್ಷ ಜನ ಇದೇ ಜಾಗದಲ್ಲಿ ಮನೆ ಮಾಡಿದ್ದಾರೆ, ಬಿಟ್ಟಿದ್ದಾರೆ, ಬಿಟ್ಟ ಮನೆಯ ಮಣ್ಣಿನ ಮೇಲೆ ಇನ್ನೊಬ್ಬರು ಬಂದು ಒಲೆ ಹೂಡಿದ್ದಾರೆ. ಅಜ್ಜನ ಓಣಿಯಿಂದ ಬೆಟ್ಟವನ್ನು ನೋಡುತ್ತ ನಿಂತಾಗ ಆ ಬೀಗಗಳು ನನಗೆ ಬಹಳ ಹಳೆಯ ಕತೆಯ ತೀರ ಹೊಸ ಪದರದಂತೆ ಕಂಡವು.

ಹಾಗಾದರೆ ಮನೆ ಯಾವಾಗ ತುಂಬಿರುತ್ತದೆ, ಯಾವಾಗ ಬರಿದಾಗುತ್ತದೆ? ಇದಕ್ಕೆ ಉತ್ತರ ಹುಡುಕಲು ಜಗತ್ತು ಸುತ್ತಬೇಕಿಲ್ಲ. ಇದೇ ಸಿಂಧನೂರು ಸೀಮೆಯಲ್ಲಿ ಅದರ ಎರಡು ಮುಖಗಳೂ ಇವೆ!

ಮೊದಲನೆಯದು, ಕ್ಯಾಂಪುಗಳು. ಕಾಲುವೆ ಬಂದ ಮೇಲೆ ಆಂಧ್ರದ ಕರಾವಳಿಯಿಂದ ರೈತರು ಬಂದು ನೆಲ ಕೊಂಡರು, ಹೊಲದ ಮಗ್ಗುಲಲ್ಲೇ ಮನೆ ಕಟ್ಟಿಕೊಂಡರು. ಆ ವಸತಿಗಳಿಗೆ ಇವತ್ತಿಗೂ ಕ್ಯಾಂಪ್ ಎಂದೇ ಹೆಸರು. ಪೂರ್ವ ಪಾಕಿಸ್ತಾನದಲ್ಲಿ ಮನೆಮಠ ಕಳೆದುಕೊಂಡು ಬಂದ ಬಂಗಾಳಿ ಕುಟುಂಬಗಳಿಗೂ ಸರ್ಕಾರ ಇಲ್ಲೇ ನೆಲೆ ಕೊಟ್ಟಿತು. ಅವು ಆರ್‌ಎಚ್ ಕ್ಯಾಂಪುಗಳು. ಎಲ್ಲೋ ದೂರದ ಬೇರೆ ನುಡಿಯ ಜನ, ಬೇರೆ ಊಟದ ಜನ, ಈ ಉರಿಬಿಸಿಲಿಗೆ ಬಂದು ಅರ್ಧ ಶತಮಾನ ಬೇರುಬಿಟ್ಟರು. ಕ್ಯಾಂಪ್ ಎಂದರೆ ನಾಳೆ ಕೀಳುವ ಗುಡಾರ. ಆದರೆ ಇಲ್ಲಿಯ ಕ್ಯಾಂಪುಗಳು ಕೀಳಲಿಲ್ಲ. ಮನೆಯ ಜೊತೆಗೆ ನೆಲವಿತ್ತು, ನೆಲದ ಬಳಿ ನೀರಿತ್ತು.

ಎರಡನೆಯದು, ಆಸರೆ ಮನೆಗಳು. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರ. ಕೃಷ್ಣೆ, ತುಂಗಭದ್ರೆ ಎರಡೂ ಉಕ್ಕಿ ರಾಯಚೂರು ಜಿಲ್ಲೆಯೂ ಸೇರಿ ಉತ್ತರ ಕರ್ನಾಟಕವನ್ನು ಮುಳುಗಿಸಿದ್ದು ಹೊಳೆದಂಡೆಯ ಯಾವ ಊರಿಗೂ ಮರೆತಿಲ್ಲ. ಸರ್ಕಾರ ‘ಆಸರೆ’ ಎಂಬ ಯೋಜನೆ ಮಾಡಿತು. ದಾನಿಗಳು, ಮಠಗಳು, ಕಂಪನಿಗಳು ಕೈಜೋಡಿಸಿದವು. ಎತ್ತರದ ಜಾಗದಲ್ಲಿ ಸಾಲುಸಾಲಾಗಿ ಹೊಸ ಮನೆಗಳು ಎದ್ದವು. ನೋಡಿದವರು ಇನ್ನು ಚಿಂತೆಯಿಲ್ಲ ಎಂದುಕೊಂಡರು. ಆದರೆ ಎಷ್ಟೋ ಕಡೆ ಜನ ಹೋಗಲೇ ಇಲ್ಲ! ಬಾಗಿಲು ಕಿಟಕಿಗಳು ಕಳುವಾದವು, ಜಾಲಿ ಬೆಳೆಯಿತು. ಜನ ಮೊಂಡರೆಂದು ಬೈದವರೂ ಉಂಟು. ಹೋಗಿ ನಿಂತು ನೋಡಿದರೆ ಕಾರಣ ಕಣ್ಣಿಗೆ ಹೊಡೆಯುತ್ತದೆ: ಎತ್ತು ಕಟ್ಟಲು ಜಾಗವಿಲ್ಲ, ಬಣವೆ ಒಟ್ಟಲು ಹಿತ್ತಲಿಲ್ಲ, ಹೊಲ ದೂರ, ಅಣ್ಣತಮ್ಮಂದಿರೆಲ್ಲ ಒಂದೇ ಸೂರಿನಡಿ ಇದ್ದ ಮನೆಗೆ ಬದಲಾಗಿ ಬೆಂಕಿಪೊಟ್ಟಣದಂಥ ಎರಡು ಕೋಣೆ. ನೆರೆಗೆ ಹೆದರಿಯೂ ಅವರು ಹೊಳೆಯ ಬದಿಗೇ ಉಳಿದರು.

ಬೆಂಗಳೂರಿಗೆ ಬಂದರೂ ಇದೇ ಲೆಕ್ಕ. ಹಿಂದಿನ ನಗರ ಯೋಜನೆಗಳಲ್ಲಿ ಬಡವರಿಗೆಂದು ಕಟ್ಟಿದ ಮನೆಗಳಲ್ಲಿ ದೇಶದಾದ್ಯಂತ ಲಕ್ಷಕ್ಕೂ ಹೆಚ್ಚು ಖಾಲಿ ಉಳಿದಿವೆ ಎಂದು 2020ರಲ್ಲಿ ಕೇಂದ್ರ ಸರ್ಕಾರವೇ ಹೇಳಿ, ಅವನ್ನು ವಲಸೆ ಕಾರ್ಮಿಕರಿಗೆ ಬಾಡಿಗೆಗೆ ಕೊಡುವ ಯೋಜನೆ ತಂದಿತು. ದುಡಿಯುವ ಜಾಗದಿಂದ ಎರಡು ಬಸ್ಸು ಬದಲಿಸಿ ಹೋಗಬೇಕಾದ ಮನೆಯಲ್ಲಿ ದಿನಗೂಲಿಯವರು ಹೇಗೆ ಇರುತ್ತಾರೆ? ಬೆಳಿಗ್ಗೆ ಏಳಕ್ಕೆ ಕೂಲಿಯವರ ನಾಕಾದಲ್ಲಿ ನಿಂತವರಿಗೆ ಕೆಲಸ. ಎಂಟಕ್ಕೆ ಬಂದವರಿಗೆ ಆ ದಿನ ಒಲೆ ಉರಿಯುವುದಿಲ್ಲ.

ಇನ್ನು ಆ ದೀಪವಿಲ್ಲದ ಫ್ಲ್ಯಾಟುಗಳು. ಮನೆ ಕೊಂಡವರು ಕೆಟ್ಟವರೇನಲ್ಲ. ಮಗಳ ಮದುವೆಗೆಂದು, ಮುಪ್ಪಿಗೆಂದು, ಅಮೆರಿಕದಿಂದ ಮರಳಿ ಬಂದಾಗ ಇರಲೆಂದು, ಚಿನ್ನ ತೆಗೆದಿಟ್ಟ ಹಾಗೆ ತೆಗೆದಿಟ್ಟ ಮನೆ ಅದು. ಬಾಡಿಗೆಯಿಂದ ಬರುವುದು ಮನೆಯ ಬೆಲೆಯ ಮುಂದೆ ತೀರ ಅಲ್ಪ. ಬಾಡಿಗೆಗೆ ಬಂದವರು ಬಿಡದಿದ್ದರೆ ಎಂಬ ಅಂಜಿಕೆ ಬೇರೆ. 1961ರ ಬಾಡಿಗೆ ನಿಯಂತ್ರಣ ಕಾಯ್ದೆ ಹೋಗಿ 1999ರ ಕಾಯ್ದೆ ಬಂದರೂ ಆ ಅಂಜಿಕೆ ಹೋಗಲಿಲ್ಲ. ಒಂದು ವರ್ಷಕ್ಕೆ ಮೀರಿದರೆ ನೋಂದಣಿ ಮಾಡಿಸಬೇಕೆಂದು ಹನ್ನೊಂದೇ ತಿಂಗಳಿಗೆ ಕರಾರು ಬರೆಯುವ ಪದ್ಧತಿ ಅದರದೇ ಗುರುತು. 1961ರಲ್ಲಿ ನಗರದ ನೂರು ಮನೆಗಳಲ್ಲಿ 54 ಬಾಡಿಗೆಯವು. 2011ಕ್ಕೆ 28 ಮಾತ್ರ! ಕೇಂದ್ರದ 2017-18ರ ಆರ್ಥಿಕ ಸಮೀಕ್ಷೆ ಈ ಅಂಕಿಗಳನ್ನು ಮುಂದಿಟ್ಟಿದೆ. ಖಾಲಿ ಮನೆಗಳಿರುವುದು ನಮ್ಮಲ್ಲಷ್ಟೇ ಅಲ್ಲ. ಜಪಾನಿನಲ್ಲಿ 2023ರ ಸಮೀಕ್ಷೆಯಂತೆ ಅವು 90 ಲಕ್ಷ. ಅಲ್ಲಿ ಮುದುಕರು ತೀರಿಕೊಂಡು, ಮಕ್ಕಳಿಲ್ಲದೆ ಊರುಗಳೇ ಬರಿದಾಗುತ್ತಿವೆ. ನಮ್ಮಲ್ಲಿ ಮಕ್ಕಳಿದ್ದಾರೆ. ಅವರು ಫ್ಲ್ಯಾಟಿನ ಬುಡದಲ್ಲಿ ಮರಳಿನ ರಾಶಿಯ ಮೇಲೆ ಆಡುತ್ತಿದ್ದಾರೆ.

ಆ ರಾಶಿಯ ಪಕ್ಕದ ಶೆಡ್ಡಿನ ಬಗ್ಗೆ ಒಂದು ಕಾನೂನೇ ಇತ್ತು ಎಂದು ತಿಳಿದಾಗ ನಾನು ದಂಗಾದೆ. 2025ರವರೆಗೆ ಜಾರಿಯಲ್ಲಿದ್ದ 1996ರ ಕಟ್ಟಡ ಕಾರ್ಮಿಕರ ಕಾಯ್ದೆಯ 34ನೇ ಕಲಮು ಓದಿ. ಕೆಲಸ ನಡೆಯುವಷ್ಟು ಕಾಲ ಎಲ್ಲ ಕಾರ್ಮಿಕರಿಗೆ ಜಾಗದಲ್ಲೇ ಅಥವಾ ಹತ್ತಿರದಲ್ಲೇ, ಒಂದು ಪೈಸೆ ಬಾಡಿಗೆಯಿಲ್ಲದೆ, ಮಾಲೀಕ ಇರಲು ತಾತ್ಕಾಲಿಕ ಮನೆ ಕೊಡಬೇಕಿತ್ತು. ಅಡುಗೆಗೆ, ಸ್ನಾನಕ್ಕೆ, ಬಟ್ಟೆ ಒಗೆಯಲು, ಶೌಚಕ್ಕೆ ಬೇರೆಬೇರೆ ಜಾಗವಿರಬೇಕಿತ್ತು! ಎಷ್ಟು ಚೆಂದದ ಸಾಲುಗಳು. ಕಾನೂನು ಮನೆಯನ್ನು ದುಡಿಮೆಯ ಮಗ್ಗುಲಲ್ಲೇ ಇಡಲು ಹೇಳಿತ್ತು, ಥೇಟ್ ನಮ್ಮ ಕ್ಯಾಂಪುಗಳಂತೆ. ಇದನ್ನು ಬರೆದವರು ನಮ್ಮ ಓಣಿಯನ್ನು ಬಲ್ಲವರಿರಬೇಕು ಅನಿಸಿತು. ನೂರಾರು ಕುಟುಂಬಗಳಿಗೆ ಸಿಕ್ಕಿರುವುದು ಮಾತ್ರ ಖಾಲಿ ಸೈಟಿನಲ್ಲಿ ಬಾಡಿಗೆ ಕೊಟ್ಟು ಹಾಕಿಕೊಂಡ ನೀಲಿ ತಾಡಪತ್ರಿಯ ಜೋಪಡಿ. 2020ರ ಜನವರಿಯಲ್ಲಿ ಬೆಳ್ಳಂದೂರಿನ ಬಳಿಯ ಕರಿಯಮ್ಮನ ಅಗ್ರಹಾರದಲ್ಲಿ ಇಂಥ ಜೋಪಡಿಗಳನ್ನು ಬಾಂಗ್ಲಾದೇಶದವರವೆಂದು ಕೆಡವಿದಾಗ, ಒಳಗಿದ್ದವರಲ್ಲಿ ಉತ್ತರ ಕರ್ನಾಟಕದ ಕನ್ನಡಿಗರೂ ಇದ್ದರು. ವಿಷಯ ಹೈಕೋರ್ಟಿಗೆ ಹೋಯಿತು. ನ್ಯಾಯಾಲಯ ಆ ತೆರವನ್ನು ಒಪ್ಪಲಿಲ್ಲ. ಮನೆ ಕಳೆದುಕೊಂಡವರ ಪುನರ್ವಸತಿಯ ಹೊಣೆಯನ್ನು ಸರ್ಕಾರಕ್ಕೆ ನೆನಪಿಸಿತು. ತಮ್ಮದೇ ನಾಡಿನ ರಾಜಧಾನಿಯಲ್ಲಿ ತಾವು ಈ ನಾಡಿನವರೇ ಎಂದು ತೋರಿಸಬೇಕಾಗಿ ಬಂದವರ ಸೆರಗಿನ ಗಂಟಿನಲ್ಲೂ ಊರ ಮನೆಯ ಕೀಲಿಕೈ ಇದ್ದಿರಬೇಕು.

ಅದಾಗಿ ನಾಲ್ಕೇ ತಿಂಗಳಿಗೆ, ಲಾಕ್‌ಡೌನಿನ ನಡುವೆ, ಮೇ ಮೊದಲ ವಾರ ಬೆಂಗಳೂರಿನಿಂದ ಊರುಗಳಿಗೆ ಉಚಿತ ಬಸ್ಸು ಬಿಟ್ಟರು. ಬಸ್ಸುಗಳು ಗಂಟುಮೂಟೆ ಹೇರಿಕೊಂಡು ಉತ್ತರಕ್ಕೆ ಮುಖ ಮಾಡಿದವು. ಇಡೀ ದೇಶ ಬಾಗಿಲು ಹಾಕಿಕೊಂಡು ಕೂತಿದ್ದಾಗ ಈ ಹಳ್ಳಿಗಳಲ್ಲಿ ಮಾತ್ರ ಬಾಗಿಲುಗಳು ತೆರೆಯತೊಡಗಿದವು! ತುಕ್ಕು ಹಿಡಿದ ಬೀಗಕ್ಕೆ ಎಣ್ಣೆ ಬಿಟ್ಟು, ಜೇಡರ ಬಲೆ ಹೊಡೆದು, ಸಗಣಿ ಸಾರಿಸಿ, ಒಲೆ ಹೊತ್ತಿಸಿದರು. ಖಾಲಿ ಎಂದುಕೊಂಡಿದ್ದ ಆ ಮನೆಗಳು ಅಷ್ಟೂ ವರ್ಷ ಒಂದು ಕೆಲಸ ಮಾಡುತ್ತಲೇ ಇದ್ದವು. ಲಕ್ಷಾಂತರ ಜನರಿಗೆ ತಿರುಗಿ ಬರುವ ಜಾಗವಾಗಿ ಕಾದು ನಿಂತಿದ್ದವು. ಯಾವ ಸರ್ಕಾರವೂ ಕಟ್ಟಲಾಗದಷ್ಟು ದೊಡ್ಡ ಆಶ್ರಯತಾಣ ಚೌಳು ಮಣ್ಣಿನ ಕೆಳಗೆ ಬೀಗ ಹಾಕಿಕೊಂಡು ತಣ್ಣಗೆ ಕೂತಿತ್ತು.

2024ರಲ್ಲಿ ಸಿಂಧನೂರಿಗೆ ರೈಲು ಬಂದಿದೆ. ಹೋಗುವುದು ಸುಲಭವಾಗಿದೆ, ಬರುವುದೂ. ಈಗ ಮತ್ತೊಂದು ಜನಗಣತಿಯ ಕಾಲ. 2027ರ ಗಣತಿಗೆ ಮೊದಲಿನ ಮನೆಪಟ್ಟಿಯ ಕೆಲಸಕ್ಕೆ ಇಡೀ ದೇಶಕ್ಕೆಂದು ಗೊತ್ತು ಮಾಡಿದ್ದು 2026ರ ಏಪ್ರಿಲ್‌ನಿಂದ ಸೆಪ್ಟೆಂಬರ್. ವರ್ಷದ ಯಾವ ಹೊತ್ತಿನಲ್ಲಿ ಗಣತಿಯವರು ಅಜ್ಜನ ಓಣಿಗೆ ಕಾಲಿಡುತ್ತಾರೆ ಎನ್ನುವುದರ ಮೇಲೆ ಆ ಓಣಿಯ ಚಿತ್ರವೇ ಬದಲಾಗುತ್ತದೆ. ಏಪ್ರಿಲಿನ ಬಿಸಿಲಲ್ಲಿ ಬಂದರೆ ಸಾಲು ಬೀಗ. ಜೂನ್ ಕೊನೆಗೆ ಬಂದರೆ? ಆ ವರ್ಷ ಮೊಹರಂ ಬೀಳುವುದು ಜೂನ್ ಕೊನೆಗೆ, ಮುಂಗಾರು ಬಿತ್ತನೆಯ ಹೊತ್ತಿಗೆ ಸರಿಯಾಗಿ!

ಈ ಸೀಮೆಯಲ್ಲಿ ಮೊಹರಂ ಎಂದರೆ ಏನೆಂದು ಹೊರಗಿನವರಿಗೆ ಹೇಳುವುದು ಕಷ್ಟ. ಲಿಂಗಸುಗೂರು ತಾಲೂಕಿನ ಮುದಗಲ್ಲಿನ ಮೊಹರಮ್ಮಿಗೆ ಜಾತಿ, ಧರ್ಮದ ಎಣಿಕೆಯಿಲ್ಲದೆ ಜನ ಸೇರುತ್ತಾರೆ. ಯಾವ ದೂರದ ಊರಲ್ಲಿ ಸೆಂಟ್ರಿಂಗ್ ಕಟ್ಟುತ್ತಿದ್ದರೂ, ಇಟ್ಟಿಗೆ ಹೊರುತ್ತಿದ್ದರೂ, ಅಲಾಯಿ ಕುಣಿಗೆ ಬೆಂಕಿ ಹಾಕುವ ಹೊತ್ತಿಗೆ ಊರಲ್ಲಿರಬೇಕು. ಮೇಸ್ತ್ರಿ ಬೈದರೂ ಸರಿ, ಪಗಾರ ಕತ್ತರಿಸಿದರೂ ಸರಿ.

“ಆವಾಗ ಬಾರಪಾ,” ಎಂದರು ಅಜ್ಜ, ಗೊಂಚಲನ್ನು ಉಡಿದಾರಕ್ಕೆ ಮತ್ತೆ ಸಿಕ್ಕಿಸಿಕೊಳ್ಳುತ್ತ. “ಆವಾಗ ನನ್ನ ಸೊಂಟದಾಗ ಒಂದೂ ಕೀಲಿಕೈ ಇರಂಗಿಲ್ಲ ನೋಡು.”